ಎಂ8 ಬೋಲ್ಟ್ ಬಿಚ್ಚಿದರೆ ಕಾಯಿಲ್ ಇನ್ಸರ್ಟ್ ಕೂಡ ಜೊತೆಗೇ ಬರುತ್ತಿದೆ

ಉದ್ಯಮಬಾಗ ಫಿಟ್ಟರ್:
ತಲೆ ಕೆಟ್ಟು ಹೋಗಿದೆ ರೀ. ಅಲ್ಯೂಮಿನಿಯಂ ಗೇರ್‌ಬಾಕ್ಸ್ ಹೌಸಿಂಗ್, ಎಂ8 (8 ಮಿಮೀ ಬೋಲ್ಟಿನ) ಹೋಲ್. ಹಳೇ ಥ್ರೆಡ್ ಹೋಗಿತ್ತು, ಕಾಯಿಲ್ ಇನ್ಸರ್ಟ್, ಅಂದರೆ ಹೊಸ ಥ್ರೆಡ್ ಆಗುವ ಸ್ಪ್ರಿಂಗಿನಂಥ ತಂತಿ ಸುರುಳಿ, ಹಾಕಿ ಕೊಟ್ಟೆ. ಈಗ ಪಾರ್ಟಿ ಕವರ್ ಬಿಚ್ಚಿದರೆ ಬೋಲ್ಟಿಗೆ ಸುತ್ತಿಕೊಂಡು ಕಾಯಿಲ್ ಹೊರಗೆ ಬರುತ್ತಿದೆ. ಹೊಸದು ಹಾಕಿದರೂ ಅದೇ ಕಥೆ. ಬೇರೆ ಕಂಪನಿಯ ಇನ್ಸರ್ಟ್ ತರಲಾ? ಬೇಗ ಹೇಳಿ, ದಿನಾ ಫೋನ್ ಬರುತ್ತಿದೆ.

ಮಚ್ಛೆ ವಿಎಂಸಿ:
ಹೋಲ್ ದೊಡ್ಡದಾಗಿದೆ. ಡ್ರಿಲ್ ಎಷ್ಟು ಹಾಕಿದಿರಿ? 8.4 ದಾಟಬಾರದು. ಕಾಯಿಲ್ ಅಗಲಿಸಿಕೊಂಡು ಗೋಡೆಗೆ ಒತ್ತಿ ಕೂರುವ ಸಾಮಾನು, ಹೋಲ್ ಸಡಿಲ ಆದರೆ ಹಿಡಿತವೇ ಇರುವುದಿಲ್ಲ.

ಉದ್ಯಮಬಾಗ ಫಿಟ್ಟರ್:
ಇನ್ಸರ್ಟ್ ಕಿಟ್‌ನಲ್ಲಿ ಬಂದ ಡ್ರಿಲ್ಲು, ಥ್ರೆಡ್ ಕೊರೆಯುವ ಟ್ಯಾಪೂ ಕಿಟ್‌ನದೇ.

ಮಚ್ಛೆ ವಿಎಂಸಿ:
ಕೈ ಡ್ರಿಲ್ಲಾ? ಹಾಗಾದರೆ ಓಲಾಡಿರುತ್ತದೆ. ನಾನು ಟ್ಯಾಪ್ ಹೊಡೆಯುವುದನ್ನೇ ಬಿಟ್ಟಿದ್ದೇನೆ, ಎಲ್ಲಾ ಮಶೀನಿನಲ್ಲಿ ಕಟ್ಟರ್ ಸುತ್ತಿಸಿ ಥ್ರೆಡ್ ಮಿಲ್ಲಿಂಗ್. ಹೊಸ ಮಶೀನಿಗೆ ಸ್ಪಿಂಡಲ್ ಒಳಗಿಂದಲೇ ಕೂಲೆಂಟ್ ಬರುತ್ತದೆ, ಥ್ರೆಡ್ ಕನ್ನಡಿ ಇದ್ದ ಹಾಗೆ.

ಗೋಕಾಕ್ ಬುಲೆಟ್:
ಕಿಟ್ ಎಲ್ಲಾ ದಂಡ. ಎಂ10×1.25 ಟ್ಯಾಪ್ ಹೊಡೆದು ಕಾಯಿಲ್ ಹಾಕಿ. ಪಿಚ್ (ಥ್ರೆಡ್‌ನ ಸುತ್ತಿನಿಂದ ಸುತ್ತಿಗೆ ಅಂತರ) ಒಂದೇ ಅಲ್ವಾ? ನಾನು ಬೈಕ್ ಎಂಜಿನ್‌ಗೆಲ್ಲ ಹಾಗೇ ಮಾಡುತ್ತೇನೆ.

ಹೊನಗಾ ಟೂಲ್‌ರೂಮ್:
ಪಿಚ್ ಒಂದೇ, ಡಯಾ (ವ್ಯಾಸ) ಒಂದೇ ಅಲ್ಲ ಮಹಾರಾಯರೇ. ಎಂ8 ಕಾಯಿಲ್‌ನ ಟ್ಯಾಪಿಗೆ ಹೊರ ಡಯಾ ಸುಮಾರು 9.6, ನಿಮ್ಮದು 10. ಬೈಕ್ ರಿಪೇರಿ ಬೇರೆ, ಕಂಪನಿ ಜಾಬ್ ಬೇರೆ.

ಗೋಕಾಕ್ ಬುಲೆಟ್:
ನನ್ನ ಬುಲೆಟ್ ಇನ್ನೂ ಓಡುತ್ತಿದೆ.

ಹೊನಗಾ ಟೂಲ್‌ರೂಮ್:
ಓಡಲಿ ಬಿಡಿ. ಫಿಟ್ಟರ್ ಅಣ್ಣಾ, ಒಂದು ಹೇಳಿ. ಕಾಯಿಲ್ ಕಿತ್ತು ಬಂತಾ, ಬೋಲ್ಟಿನ ಜೊತೆ ತಿರುಗಿಕೊಂಡು ಬಂತಾ? ಕಿತ್ತು ಬಂದಿದ್ದರೆ ಹೋಲಿನ ಥ್ರೆಡ್ ಹರಿದಿರುತ್ತದೆ, ಕಾಯಿಲ್ ಸಂದಿಯಲ್ಲಿ ಅಲ್ಯೂಮಿನಿಯಂ ಚೂರು ಸಿಗುತ್ತದೆ. ತಿರುಗಿ ಬಂದಿದ್ದರೆ ಹೋಲ್ ಸರಿಯಾಗೇ ಇರುತ್ತದೆ. ಎರಡಕ್ಕೂ ಮದ್ದು ಬೇರೆ.

ಉದ್ಯಮಬಾಗ ಫಿಟ್ಟರ್:
ಹೋಲ್ ಚೆನ್ನಾಗಿದೆ. ಹೋಲ್ ಅಳೆಯುವ ಪ್ಲಗ್ ಗೇಜ್ ಬಿಟ್ಟು ನೋಡಿದೆ, ಗೋ ತುದಿ ಹೋಗುತ್ತದೆ, ನೋ-ಗೋ ತುದಿ ಹೋಗುವುದಿಲ್ಲ, ಅಂದರೆ ಸೈಜ್ ಸರಿ ಇದೆ. ಆದರೆ ಕಾಯಿಲ್ಲನ್ನು ಬೋಲ್ಟಿನಿಂದ ಬಿಡಿಸಲು ಆಗುತ್ತಿಲ್ಲ. ವೈಸ್‌ಗೆ ಹಿಡಿದು ಪ್ಲಯರ್‌ನಲ್ಲಿ ಎಳೆದರೆ ತಂತಿಯೇ ತುಂಡಾಯಿತು. ಬೋಲ್ಟಿನ ಮೂರ್ನಾಲ್ಕು ಸುತ್ತು ಒರೆಸಿದ ಹಾಗೆ ಹೊಳೆಯುತ್ತದೆ, ಅಂಚಿನಲ್ಲಿ ಲೋಹ ಮೆತ್ತಿಕೊಂಡಿದೆ.

ಮಚ್ಛೆ ವಿಎಂಸಿ:
ಗೇಜ್ ಹಳೇದಿರಬೇಕು. ಡ್ರಿಲ್ ಸೈಜ್ ಇನ್ನೊಮ್ಮೆ ನೋಡಿ.

ಹೊನಗಾ ಟೂಲ್‌ರೂಮ್:
ಡ್ರಿಲ್ ವಿಷಯ ಮುಗಿಯಿತು ಬಿಡಿ. ಬೋಲ್ಟ್ ಯಾವುದು?

ಉದ್ಯಮಬಾಗ ಫಿಟ್ಟರ್:
ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) 304 ಅಲೆನ್ ಬೋಲ್ಟ್. ಹಾಲಿನ ಡೇರಿ ಪ್ಯಾಕಿಂಗ್ ಲೈನ್, ದಿನಾ ತೊಳೆಯುತ್ತಾರೆ, ಬೇರೆ ಏನು ಹಾಕುತ್ತಾರೆ? ಇದನ್ನೂ ಹೇಳಬೇಕಾ? ಇಂಪ್ಯಾಕ್ಟ್ ಗನ್‌ನಲ್ಲಿ ಬಿಗಿಯುತ್ತಾರೆ.

ಹೊನಗಾ ಟೂಲ್‌ರೂಮ್:
ಅಲ್ಲೇ ಇದೆ ನೋಡಿ. ಕಾಯಿಲ್ ಕೂಡ 304 ತಂತಿಯೇ. ಎಸ್‌ಎಸ್ ಮೇಲೆ ಎಸ್‌ಎಸ್, ಅದೂ ಒಣಗಿದ್ದು, ಗನ್ ಸ್ಪೀಡಿನಲ್ಲಿ. ಮೇಲಿನ ಪದರ ಕಿತ್ತು ಒಂದಕ್ಕೊಂದು ಅಂಟಿ ಗಾಲ್ ಆಗುತ್ತದೆ. ಆಮೇಲೆ ಬಿಚ್ಚಲು ಹೋದರೆ ಅಲ್ಯೂಮಿನಿಯಂ ಕಡೆಯ ಹಿಡಿತಕ್ಕಿಂತ ಬೋಲ್ಟಿನ ಹಿಡಿತವೇ ಜಾಸ್ತಿ, ಕಾಯಿಲ್ ಜೊತೆಗೆ ತಿರುಗುತ್ತದೆ. ಕಂಪನಿ ಬದಲಿಸಿ ಉಪಯೋಗವಿಲ್ಲ.

ಗನ್ ಬಿಡಿಸಿ, ಕೈಯಲ್ಲಿ ಹಾಕಿ, ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಿಡಿಯಲಿ. ಅಂಟಿಕೊಳ್ಳದ ಹಾಗೆ ಬೋಲ್ಟಿಗೆ ಫುಡ್ ಗ್ರೇಡ್ ಆಂಟಿ-ಸೀಜ್ ಪೇಸ್ಟ್ ಹಚ್ಚಿ. ಪೇಸ್ಟ್ ಹಚ್ಚಿದ ಮೇಲೆ ಒಣ ಬೋಲ್ಟಿನಷ್ಟೇ ಟಾರ್ಕ್ ಕೊಡಬೇಡಿ, ಬೋಲ್ಟಿನ ಮೇಲೆ ಎಳೆತ ಜಾಸ್ತಿ ಆಗುತ್ತದೆ. ಕಾಯಿಲ್‌ನ ಮೊದಲ ಸುತ್ತು ಮೇಲ್ಮೈಗಿಂತ ಕಾಲು ಪಿಚ್‌ನಿಂದ ಅರ್ಧ ಪಿಚ್ ಕೆಳಗಿರಬೇಕು, ಅಂದರೆ 0.3 ರಿಂದ 0.6 ಮಿಮೀ. ಕೆಂಪು ಬಣ್ಣದ ಲಾಕಿಂಗ್ ಕಾಯಿಲ್ ಯಾರಾದರೂ ಹೇಳಿದರೆ ಬೇಡ ಅನ್ನಿ, ಅದು ಬೋಲ್ಟನ್ನು ಇನ್ನೂ ಬಿಗಿ ಹಿಡಿಯುತ್ತದೆ.

ವಿಜಯಪುರ ಪಂಪ್‌ಸೆಟ್:
ಕಾಯಿಲ್ ಹೊರಗೆ ಲಾಕ್‌ಟೈಟ್ ಅಂಟು ಹಾಕಿದರೆ?

ಹೊನಗಾ ಟೂಲ್‌ರೂಮ್:
ಹಾಕಬಹುದು, ಒಳಗೆ ಜಿನುಗದ ಹಾಗೆ. ಗಾಲ್ ಮಾತ್ರ ಅದರಿಂದ ನಿಲ್ಲುವುದಿಲ್ಲ.

ಉದ್ಯಮಬಾಗ ಫಿಟ್ಟರ್:
ಪಾರ್ಟಿ ಈಗ ಪಕ್ಕದಲ್ಲಿ ಕೀ (ಸಣ್ಣ ಪಿನ್ನು) ಹೊಡೆದು ಕೂರಿಸುವ ಗಟ್ಟಿ ಬುಷ್ ಇನ್ಸರ್ಟ್ ಕೇಳುತ್ತಿದ್ದಾರೆ. ಅದು ತಿರುಗುವುದೇ ಇಲ್ಲವಂತೆ.

ಹೊನಗಾ ಟೂಲ್‌ರೂಮ್:
ಕೀಗಳು ಅಲ್ಯೂಮಿನಿಯಂ ಒಳಗೆ ಇಳಿಯುತ್ತವೆ, ತಿರುಗುವುದಿಲ್ಲ ನಿಜ. ಪದೇ ಪದೇ ಬಿಚ್ಚುವ ಕವರಿಗೆ ನಾನೂ ಅದನ್ನೇ ಹಾಕುತ್ತೇನೆ. ಆದರೆ ಹೊರ ಥ್ರೆಡ್ ಎಂ12 ಆದರೆ ಗೋಡೆ ಉಳಿಯಬೇಕಲ್ಲ. ಬಾಸ್, ಅಂದರೆ ಹೌಸಿಂಗ್‌ನಲ್ಲಿ ಹೋಲ್ ಸುತ್ತ ಉಬ್ಬಿದ ಭಾಗ, ಅದರ ಡಯಾ ಎಷ್ಟು? 16 ಇದ್ದರೆ ಸುತ್ತ 2 ಮಿಮೀ ಮಾತ್ರ ಉಳಿಯುತ್ತದೆ, ಕೀ ಹೊಡೆಯುವಾಗಲೇ ಸೀಳಬಹುದು. ಮತ್ತೆ ಆ ಬುಷ್ ಕೂಡ ಎಸ್‌ಎಸ್ ಇದ್ದರೆ ಪೇಸ್ಟ್ ಬೇಕೇ ಬೇಕು.

ಮಚ್ಛೆ ವಿಎಂಸಿ:
ಹೌಸಿಂಗ್ ನನ್ನ ಹತ್ತಿರ ಕಳಿಸಿ, ಥ್ರೆಡ್ ಮಿಲ್ಲಿಂಗ್ ಮಾಡಿ ಕೊಡುತ್ತೇನೆ.

ಉದ್ಯಮಬಾಗ ಫಿಟ್ಟರ್:
ಬಾಸ್ ಅಳೆದಿಲ್ಲ. ಹೌಸಿಂಗ್ ಡೇರಿಯಲ್ಲೇ ಇದೆ. ಸದ್ಯ ಪೇಸ್ಟ್ ಹಚ್ಚಿ ಕೈಯಲ್ಲಿ ಬಿಗಿದು ಬಂದಿದ್ದೇನೆ, ಮುಂದಿನ ಸಲ ತೊಳೆಯಲು ಬಿಚ್ಚಿದಾಗ ಗೊತ್ತಾಗುತ್ತದೆ.

ವಿಜಯಪುರ ಪಂಪ್‌ಸೆಟ್:
ಇದರಲ್ಲೇ ಕೇಳುತ್ತೇನೆ, ಬೇಜಾರು ಮಾಡಬೇಡಿ. 2 ಮಿಮೀ ಶೀಟ್ ಪ್ಯಾನೆಲ್‌ಗೆ ಹಾಕಿದ ರಿವೆಟ್ ನಟ್ ಸುಮ್ನೆ ತಿರುಗುತ್ತಿದೆ. ಯಾರಾದರೂ ಹೇಳಿ.

ಗೋಕಾಕ್ ಬುಲೆಟ್:
ಹೋಲ್ ದೊಡ್ಡದಾಗಿದೆ.