ನಮ್ಮ ಟಿಸಿ (ಟ್ರಾನ್ಸ್‌ಫಾರ್ಮರ್) ಬದಲಾಗಬೇಕಾದರೆ ಮೊದಲು ನಮ್ಮ ಬಿಲ್ಲಿನ ಲೋಡ್ ಸರಿಯಾಗಬೇಕು

ಸಂಘದ ಕಾರ್ಯದರ್ಶಿ, ಸಿಂಧನೂರು
ಬಡಾವಣೆಯ ಹಿರಿಯರಿಗೂ ಅಕ್ಕ-ಅಣ್ಣಂದಿರಿಗೂ ನಮಸ್ಕಾರ. ಉದ್ಯಾನದ ಮೂಲೆಯಲ್ಲಿರುವ 100 ಕೆವಿಎ ಸಾಮರ್ಥ್ಯದ ಟಿಸಿಯ ಫ್ಯೂಸ್ ಈ ಬೇಸಿಗೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಸರಿಯಾಗಿ ಹೋಗುತ್ತಿರುವುದು ಎಲ್ಲರಿಗೂ ಗೊತ್ತಿದೆ. ಕಳೆದ ವಾರ ಟಿಸಿಯೇ ಸುಟ್ಟು, ವಯಸ್ಸಾದವರು ಹಸುಗೂಸುಗಳೆನ್ನದೆ ಎಲ್ಲರೂ ಮಾಳಿಗೆಯ ಮೇಲೆ ರಾತ್ರಿ ಕಳೆಯಬೇಕಾಯಿತು. ಬೋರ್‌ವೆಲ್ ಮೋಟರ್ ನಿಂತದ್ದರಿಂದ ಬೆಳಗಿನ ನೀರಿಗೂ ತೊಂದರೆಯಾಯಿತು. ಅದರ ಜಾಗದಲ್ಲಿ ಈಗ ಕೂರಿಸಿರುವುದೂ 100 ಕೆವಿಎ ಟಿಸಿಯೇ ಆಗಿರುವುದರಿಂದ ಇದೇ ತೊಂದರೆ ಮರುಕಳಿಸುವುದು ಖಚಿತ. 250 ಕೆವಿಎ ಟಿಸಿ ಬೇಕೆಂದು ಎಲ್ಲರೂ ಸಹಿ ಮಾಡಿ ಮನವಿ ಕೊಡೋಣವೆಂದು ನನ್ನ ಸಲಹೆ. ತಮ್ಮ ಅಭಿಪ್ರಾಯ ತಿಳಿಸಿ.

ಎರಡನೇ ಅಡ್ಡರಸ್ತೆಯ ನಿವಾಸಿ
ಸರ್, ಮನವಿ ಕೊಟ್ಟು ಸುಮ್ಮನೆ ಕೂತರೆ ಆಗುವುದಿಲ್ಲ. ನಮ್ಮ ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್, ಯರಮರಸ್‌ನಲ್ಲಿ 1,600 ಮೆಗಾವ್ಯಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಿವೆ. ಹೊಗೆ, ಬೂದಿಯನ್ನು ಸಹಿಸಿಕೊಂಡು ರಾಜ್ಯಕ್ಕೆಲ್ಲ ಬೆಳಕು ಕೊಡುವ ಜಿಲ್ಲೆಯ ಜನರೇ ಕತ್ತಲಲ್ಲಿ ಕೂರುವುದು ಯಾವ ನ್ಯಾಯ? ರಸ್ತೆ ತಡೆಯೇ ಸರಿಯಾದ ದಾರಿಯೆಂದು ನನಗನಿಸುತ್ತದೆ.

ನಿವೃತ್ತ ಲೈನ್‌ಮನ್, ನಾಲ್ಕನೇ ಅಡ್ಡರಸ್ತೆ
ತಮ್ಮಾ, ನಿನ್ನ ಸಂಕಟ ನನ್ನದೂ ಹೌದು. ಆದರೆ ಪಕ್ಕದ ಬಡಾವಣೆಯಲ್ಲಿ ದೀಪ ಉರಿಯುತ್ತಿರುವಾಗ ನಮ್ಮಲ್ಲಿ ಮಾತ್ರ ಹೋಗುತ್ತಿದೆಯೆಂದರೆ ಕೊರತೆ ಇರುವುದು ಶಕ್ತಿನಗರದಲ್ಲಲ್ಲ, ಉದ್ಯಾನದ ಮೂಲೆಯಲ್ಲಿ. 100 ಕೆವಿಎ ಟಿಸಿ ಒಂದೊಂದು ಫೇಸಿಗೆ (ಕರೆಂಟ್ ತರುವ ಮೂರು ತಂತಿಗಳಲ್ಲಿ ಒಂದಕ್ಕೆ) ಸುಮಾರು 133 ಆಂಪಿಯರ್ ಮಾತ್ರ ತಡೆಯುತ್ತದೆ. ಒಂದೂವರೆ ಟನ್ನಿನ ಎಸಿ ಏಳು ಆಂಪಿಯರ್‌ನಷ್ಟು ಎಳೆಯುತ್ತದೆಂದು ಹಿಡಿದರೂ, ಒಂದೇ ಫೇಸಿಗೆ ಇಪ್ಪತ್ತು ಎಸಿ ಬಿದ್ದರೆ ಅಲ್ಲಿಗೇ 140 ಆಯಿತು. ಫ್ಯಾನು, ಫ್ರಿಜ್ಜು, ಮೋಟರುಗಳ ಲೆಕ್ಕ ಬೇರೆ. ನಮ್ಮ ಬೀದಿಗಳಲ್ಲಿ ಸರ್ವಿಸ್ ವೈರ್ ಎಳೆಯುವಾಗ ಕೈಗೆ ಸಿಕ್ಕ ಫೇಸಿಗೇ ಹೆಚ್ಚು ಮನೆಗಳನ್ನು ಕೊಟ್ಟಿರುವುದನ್ನು ಕಂಬದ ಕೆಳಗೆ ನಿಂತರೆ ಯಾರಾದರೂ ಕಾಣಬಹುದು. ಹೊರೆಯನ್ನು ಮೂರೂ ಫೇಸಿಗೆ ಸಮನಾಗಿ ಹಂಚಲು ಹೊಸ ಟಿಸಿ ಬೇಕಿಲ್ಲ, ಆದ್ದರಿಂದ ಅದನ್ನು ಈಗಲೇ ಕೇಳಬೇಕು. ಜೊತೆಗೆ ನ್ಯೂಟ್ರಲ್ (ಕರೆಂಟ್ ಹಿಂತಿರುಗುವ ತಂತಿ) ಜೋಡಣೆಗಳನ್ನೂ ಬಿಗಿ ಮಾಡಿಸಬೇಕು. ನ್ಯೂಟ್ರಲ್ ಕಡಿದರೆ ಮನೆಯೊಳಗೆ 230 ವೋಲ್ಟ್ ಬದಲು ಅದಕ್ಕಿಂತ ಬಹಳ ಹೆಚ್ಚು ನುಗ್ಗಿ ಟಿವಿ, ಫ್ರಿಜ್ಜು ಸುಡುತ್ತವೆ.

ಇನ್ನು ಮುಖ್ಯ ಮಾತು. ಟಿಸಿಯ ಸಾಮರ್ಥ್ಯ ಹೆಚ್ಚಿಸಬೇಕೋ ಬೇಡವೋ ಎಂದು ವಿದ್ಯುತ್ ಕಚೇರಿಯವರು ತೀರ್ಮಾನಿಸುವಾಗ ಮೊದಲು ನೋಡುವುದು ಅದರ ಮೇಲಿರುವ ಮನೆಗಳಿಗೆ ಇಷ್ಟು ಕಿಲೋವ್ಯಾಟ್ ಎಂದು ಮಂಜೂರಾದ ಲೋಡ್‌ನ ಮೊತ್ತವನ್ನು. ಒಮ್ಮೆ ನಿಮ್ಮ ಬಿಲ್ಲು ತೆಗೆದು ನೋಡಿ: ಎರಡು ಎಸಿ, ಒಂದು ಗೀಸರ್ ಇರುವ ಮನೆಯ ಬಿಲ್ಲಿನಲ್ಲೂ ಮನೆ ಕಟ್ಟಿದಾಗ ಬರೆಸಿದ ಒಂದು ಕಿಲೋವ್ಯಾಟ್ ಹಾಗೆಯೇ ಉಳಿದಿರುತ್ತದೆ. ಆ ಕಾಗದದ ಪ್ರಕಾರ ನಮ್ಮ ಟಿಸಿಗೆ ಹೊರೆಯೇ ಇಲ್ಲ. ಸಹಿ ಎಷ್ಟೇ ಇದ್ದರೂ ನಮ್ಮ ದಾಖಲೆಯೇ ನಮ್ಮ ಬೇಡಿಕೆಗೆ ವಿರುದ್ಧವಾಗಿ ನಿಲ್ಲುತ್ತದೆ.

ಶಾಲಾ ಶಿಕ್ಷಕಿ, ಮೂರನೇ ಅಡ್ಡರಸ್ತೆ
ಅಣ್ಣಾ, ತಾವು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಲೋಡ್ ಹೆಚ್ಚಿಸಿಕೊಂಡರೆ ಕಿಲೋವ್ಯಾಟ್ ಲೆಕ್ಕದಲ್ಲಿ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಪಿಂಚಣಿಯಲ್ಲಿ ಬದುಕುವವರು, ಬಾಡಿಗೆ ಮನೆಯವರು, ಗೃಹಜ್ಯೋತಿಯಿಂದ ಈಗಷ್ಟೇ ಉಸಿರಾಡುತ್ತಿರುವವರು ಹೆದರುವುದು ಸಹಜ. ಎಸಿ ಹಾಕಿಸಿದವರ ಹೊರೆಯನ್ನು ಅವರ ತಲೆಗೆ ಕಟ್ಟಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಸಂಘದ ಕಾರ್ಯದರ್ಶಿ
ಟೀಚರ್, ತಮ್ಮ ಮಾತು ನ್ಯಾಯವಾದದ್ದು. ಎಸಿ, ಗೀಸರ್, ದೊಡ್ಡ ಮೋಟರ್ ಇರುವ ಮನೆಗಳವರು ಮಾತ್ರ ಲೋಡ್ ಹೆಚ್ಚಿಸಿಕೊಳ್ಳಲು ಅರ್ಜಿ ಹಾಕಲಿ. ಎರಡು ಫ್ಯಾನು, ನಾಲ್ಕು ದೀಪಗಳ ಮನೆಯವರು ಏನನ್ನೂ ಬದಲಿಸಬೇಕಾಗಿಲ್ಲ. ಗೃಹಜ್ಯೋತಿಯ ಲೆಕ್ಕ ನಿಂತಿರುವುದು 200 ಯೂನಿಟ್ ಮಿತಿಯೊಳಗಿನ ಬಳಕೆಯ ಮೇಲೆ, ಮತ್ತು ಬೇಸಿಗೆಯಲ್ಲಿ ಎರಡು ಎಸಿ ಓಡಿಸುವ ಮನೆ ಹೇಗಿದ್ದರೂ ಆ ಮಿತಿಯನ್ನು ದಾಟುತ್ತದೆ. ನನ್ನ ಮನೆಯ ಅರ್ಜಿಯನ್ನು ನಾನೇ ಮೊದಲು ಕೊಡುತ್ತೇನೆ.

ರಸ್ತೆ ತಡೆ ಮಾಡಿದರೆ ಬಸ್ಸಿನಲ್ಲಿರುವ ನಮ್ಮಂಥವರೇ ಕಷ್ಟಪಡುತ್ತಾರೆ, ಆದ್ದರಿಂದ ಅದು ಬೇಡ. ಕಾನೂನಿನಲ್ಲೇ ನಮಗೆ ಬಲವಿದೆ. ಪಟ್ಟಣಗಳಲ್ಲಿ ಟಿಸಿ ಕೆಟ್ಟರೆ 24 ಗಂಟೆಯೊಳಗೆ ಸರಿಪಡಿಸಬೇಕೆಂದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಸೇವಾ ಮಾನದಂಡ ಹೇಳುತ್ತದೆ. ಮಾನದಂಡ ಪಾಲಿಸದಿದ್ದರೆ ಗ್ರಾಹಕರಿಗೆ ಪರಿಹಾರ ಕೊಡಬೇಕೆಂದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 57ನೇ ಕಲಂ ಹೇಳುತ್ತದೆ. ಆದರೆ ದೂರು ದಾಖಲಾದ ಹೊತ್ತು ಯಾವುದೆಂದು ನಾವು ತೋರಿಸಲಾಗದಿದ್ದರೆ ಈ ಬಲ ನಮ್ಮ ಕೈಗೆ ಸಿಗುವುದಿಲ್ಲ. ಪರಿಚಯದ ಲೈನ್‌ಮನ್‌ಗೆ ಫೋನ್ ಮಾಡಿ ಸುಮ್ಮನಾಗುವ ರೂಢಿಯನ್ನು ಬಿಟ್ಟು, ಕರೆಂಟ್ ಹೋದ ಕೂಡಲೇ ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಟ್ಟು, ದೂರಿನ ಸಂಖ್ಯೆ ಮತ್ತು ಸಮಯವನ್ನು ಈ ಗುಂಪಿನಲ್ಲಿ ಹಾಕಬೇಕು. ಕಚೇರಿಯಲ್ಲಿ ಕೆಲಸವಾಗದಿದ್ದರೆ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆಗೆ ಹೋಗುವಾಗ ಇದೇ ಪಟ್ಟಿ ನಮ್ಮ ಸಾಕ್ಷಿಯಾಗುತ್ತದೆ.

ಎರಡನೇ ಅಡ್ಡರಸ್ತೆಯ ನಿವಾಸಿ
ಒಪ್ಪಿದೆ ಸರ್. ದೂರುಗಳ ಪಟ್ಟಿ ಬರೆದಿಡುವ ಕೆಲಸ ನನಗಿರಲಿ. ನಾಳೆ ಬೆಳಿಗ್ಗೆ ಲೈನ್‌ಮನ್ ಕಾಕಾ ಅವರ ಜೊತೆ ಓಡಾಡಿ ಯಾವ ಮನೆ ಯಾವ ಫೇಸಿನಲ್ಲಿದೆ ಎಂಬ ನಕ್ಷೆಯನ್ನೂ ಮಾಡುತ್ತೇನೆ.

ನಿವೃತ್ತ ಲೈನ್‌ಮನ್, ನಾಲ್ಕನೇ ಅಡ್ಡರಸ್ತೆ
ಬಿಸಿಲೇರುವ ಮೊದಲೇ ಬಾ. ನೋಡುವುದೆಲ್ಲ ನೆಲದ ಮೇಲಿಂದಲೇ. ಫ್ಯೂಸ್ ಹೋದಾಗ ಟಿಸಿ ಕಟ್ಟೆ ಹತ್ತಿ ಕೋಲು ಹಾಕುವ ಹುಡುಗರಿಗೂ ಇದನ್ನೇ ಹೇಳು. ಆ 11 ಕೆವಿ (11,000 ವೋಲ್ಟ್) ತಂತಿ ಎರಡನೇ ಅವಕಾಶ ಕೊಡುವುದಿಲ್ಲ.

ಸಂಘದ ಕಾರ್ಯದರ್ಶಿ
ಮನವಿಗೆ ಲಗತ್ತಿಸಲು ಎಲ್ಲರೂ ತಮ್ಮ ಬಿಲ್ಲಿನ ಆರ್.ಆರ್. ನಂಬರ್, ಮಂಜೂರಾದ ಲೋಡ್ ಮತ್ತು ಮನೆಯಲ್ಲಿ ನಿಜವಾಗಿ ಇರುವ ಎಸಿ, ಗೀಸರ್, ಮೋಟರುಗಳ ವಿವರವನ್ನು ಚೀಟಿಯಲ್ಲಿ ಬರೆದು ಭಾನುವಾರ ಸಂಜೆಯೊಳಗೆ ನಮ್ಮ ಮನೆಗೆ ಕೊಡಿ. ಬಾಡಿಗೆದಾರರು ಮನೆ ಮಾಲೀಕರಿಂದ ಒಪ್ಪಿಗೆ ಪತ್ರ ತರಬೇಕಾಗುತ್ತದೆ. ಮಾಲೀಕರು ಊರಲ್ಲಿಲ್ಲದಿದ್ದರೆ ನನಗೆ ತಿಳಿಸಿ, ಅವರೊಡನೆ ನಾನೇ ಮಾತನಾಡುತ್ತೇನೆ.