ಮಟ್ಟುಗುಳ್ಳದಲ್ಲಿ 353ರ ಪೀಕ್: ಕ್ಲೋರೋಜೆನಿಕ್ ಆಮ್ಲವೆಂದು ಬರೆದುಬಿಡಬಹುದೇ?

ಕೊಣಾಜೆ ವಿದ್ಯಾರ್ಥಿನಿ:
ಮಾನ್ಯರೇ, ಮಟ್ಟುಗುಳ್ಳದ (ಉಡುಪಿ ಬಳಿಯ ಮಟ್ಟು ಊರಿನ ಬದನೆ ತಳಿ) ತಿರುಳಿನಿಂದ ಮೆಥನಾಲಿನಲ್ಲಿ ತೆಗೆದ ಸಾರವನ್ನು ಎಲ್‌ಸಿ-ಎಂಎಸ್ ಉಪಕರಣದಲ್ಲಿ (ಸಾರದ ಘಟಕಗಳನ್ನು ಬೇರ್ಪಡಿಸಿ ತೂಕ ಅಳೆಯುವ ಯಂತ್ರ), ಋಣ ಅಯಾನುಗಳನ್ನು ಅಳೆಯುವ ನೆಗೆಟಿವ್ ಮೋಡ್‌ನಲ್ಲಿ ಓಡಿಸಿದಾಗ 353.088 ತೂಕದಲ್ಲಿ (m/z) ಎತ್ತರದ ಪೀಕ್ ಬಂದಿದೆ. ಸಾಫ್ಟ್‌ವೇರ್ ಅದನ್ನು ಕ್ಲೋರೋಜೆನಿಕ್ ಆಮ್ಲವೆನ್ನುತ್ತದೆ; ಬದನೆಯಲ್ಲಿ ಈ ಮೆಟಬೊಲೈಟ್ (ಸಸ್ಯದ ಚಯಾಪಚಯದಲ್ಲಿ ಉಂಟಾಗುವ ಅಣು) ಹೇರಳವಾಗಿರುವುದೂ ತಿಳಿದದ್ದೇ. ಆದರೂ ಪ್ರಬಂಧದಲ್ಲಿ ‘ಗುರುತಿಸಲಾಗಿದೆ’ ಎಂದು ಬರೆಯಲು ನನ್ನ ಗೈಡ್ ಒಪ್ಪುತ್ತಿಲ್ಲ. ಇನ್ನೇನು ಬೇಕು?

ಮಣಿಪಾಲದ ಓದುಗ:
ನಿಮ್ಮ ಗೈಡ್ ಹೇಳುವುದೇ ಸರಿ. ಆ ಸಂಖ್ಯೆಯಿಂದ ಹೆಚ್ಚೆಂದರೆ ಅಣುಸೂತ್ರ ತಿಳಿಯುತ್ತದೆ. ಕ್ಲೋರೋಜೆನಿಕ್ ಆಮ್ಲವೆಂದರೆ ಕ್ವಿನಿಕ್ ಆಮ್ಲಕ್ಕೆ ಕೆಫೆಯಿಲ್ ಗುಂಪು ಸೇರಿದ ಅಣು. ಆ ಕ್ವಿನಿಕ್ ಆಮ್ಲದ ಮೂರು, ನಾಲ್ಕು ಅಥವಾ ಐದನೆಯ ಸ್ಥಾನದಲ್ಲಿ ಕೆಫೆಯಿಲ್ ಗುಂಪು ಸೇರಿಕೊಂಡ, ಸೂತ್ರ ಒಂದೇ ಆದರೂ ರಚನೆ ಬೇರೆಯಾದ ಮೂರು ಐಸೋಮರ್‌ಗಳಿಗೂ ತೂಕ ಒಂದೇ. ಅಯಾನನ್ನು ಒಡೆದು ನೋಡಿದರೆ ನಾಲ್ಕನೆಯ ಸ್ಥಾನದ್ದು 173ರ ತುಣುಕನ್ನು ಪ್ರಬಲವಾಗಿ ಕೊಡುತ್ತದೆ, ಐದನೆಯದರಲ್ಲಿ 191 ಬಿಟ್ಟರೆ ಉಳಿದವು ಕ್ಷೀಣ, ಮೂರನೆಯದರಲ್ಲಿ 191ರ ಜೊತೆಗೆ 179 ಕೂಡ ಎದ್ದು ಕಾಣುತ್ತದೆ. ಸಿಟ್ರಿಕ್ ಆಮ್ಲದ ಅಯಾನು ಕೂಡ 191ರಲ್ಲೇ ಬರುತ್ತದೆಂಬುದು ನೆನಪಿರಲಿ: ಅದು 191.020, ಕ್ವಿನಿಕ್ ಆಮ್ಲದ್ದು 191.056. ದಶಮಾಂಶ ನಂಬುವಂತಿಲ್ಲದ ಉಪಕರಣದಲ್ಲಿ ಇವೆರಡೂ ಒಂದೇ ಆಗಿ ಕಾಣುತ್ತವೆ.

ಪ್ರಯೋಗಾಲಯ ಸಹಾಯಕ, ಮಂಗಳೂರು:
ಮೆಟಬೊಲೈಟ್‌ಗಳನ್ನು ಅಧ್ಯಯನ ಮಾಡುವ ಮೆಟಬೊಲೊಮಿಕ್ಸ್ ಕ್ಷೇತ್ರದವರು 2007ರಲ್ಲಿ ಪ್ರಕಟಿಸಿದ ಮಾನದಂಡದಲ್ಲಿ ಗುರುತಿನ ಖಚಿತತೆಗೆ ನಾಲ್ಕು ಹಂತಗಳಿವೆ. ಲೈಬ್ರರಿಯ ಸ್ಪೆಕ್ಟ್ರಮ್‌ಗೆ ಹೋಲಿಕೆಯಾದರೆ ಅದು ಎರಡನೆಯ ಹಂತ, ಅಂದರೆ ‘ಸಂಭಾವ್ಯ’ ಮಾತ್ರ. ಶುದ್ಧ ಸ್ಟ್ಯಾಂಡರ್ಡನ್ನು (ಹೋಲಿಕೆಗೆ ಬಳಸುವ, ಗುರುತು ಖಚಿತವಾದ ರಾಸಾಯನಿಕ) ನಿಮ್ಮದೇ ಕಾಲಮ್‌ನಲ್ಲಿ, ಅದೇ ವಿಧಾನದಲ್ಲಿ ಓಡಿಸಿ, ರಿಟೆನ್ಷನ್ ಟೈಮ್ (ಕಾಲಮ್‌ನಿಂದ ಹೊರಬರಲು ತಗಲುವ ಸಮಯ) ಮತ್ತು ತುಣುಕುಗಳ ಮಾದರಿ ಎರಡೂ ಹೊಂದಿದಾಗ ಮಾತ್ರ ಮೊದಲ ಹಂತ.

ಕಟಪಾಡಿ ಕೃಷಿಕ:
ಪೀಕ್‌ಗಿಂತ ಮೊದಲು ಕಾಯಿ ಕತ್ತರಿಸಿದ ಬಗೆಯನ್ನು ವಿಚಾರಿಸಬೇಕೆಂದು ನನ್ನ ಅಭಿಪ್ರಾಯ. ಗುಳ್ಳದ ಹೋಳನ್ನು ನಾವು ಕೂಡಲೇ ನೀರಿಗೆ ಹಾಕುತ್ತೇವೆ, ಇಲ್ಲವಾದರೆ ಕಪ್ಪಾಗುತ್ತದೆ. ಹಾಗೆ ಕಪ್ಪಾಗುವಾಗ ಕಿಣ್ವಕ್ಕೆ ಆಹಾರವಾಗುವುದು ಇದೇ ಕ್ಲೋರೋಜೆನಿಕ್ ಆಮ್ಲವಲ್ಲವೇ?

ಮಣಿಪಾಲದ ಓದುಗ:
ಹೌದು, ಆದರೆ ಪ್ರಯೋಗಕ್ಕೆ ನೀರು ಸಲ್ಲದು, ಆಮ್ಲವೂ ಅದರಲ್ಲಿ ಕರಗಿ ಹೋಗುತ್ತದೆ. ಹೋಳುಗಳನ್ನು ಕೂಡಲೇ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಬೇಕು. ಸಾರವನ್ನು ಬಿಸಿ ಮಾಡಿದರೆ ಅಥವಾ ಕ್ಷಾರೀಯವಾಗಲು ಬಿಟ್ಟರೆ ಕೆಫೆಯಿಲ್ ಗುಂಪು ಸ್ಥಾನ ಬದಲಿಸುತ್ತದೆ. ಆಗ ಕಾಯಿಯಲ್ಲಿ ಅಷ್ಟಾಗಿ ಇಲ್ಲದ ಐಸೋಮರ್ ಬಾಟಲಿಯಲ್ಲಿ ಹುಟ್ಟಿಕೊಳ್ಳುತ್ತದೆ.

ಕೊಣಾಜೆ ವಿದ್ಯಾರ್ಥಿನಿ:
ಐದನೆಯ ಸ್ಥಾನದ ಸ್ಟ್ಯಾಂಡರ್ಡ್ ಮಾತ್ರ ನಮ್ಮಲ್ಲಿದೆ. ಅದೊಂದೇ ಸಾಕೇ?

ಪ್ರಯೋಗಾಲಯ ಸಹಾಯಕ, ಮಂಗಳೂರು:
ಆ ಒಂದು ಐಸೋಮರ್‌ಗೆ ಸಾಕು. ಸ್ಟ್ಯಾಂಡರ್ಡನ್ನು ಪ್ರತ್ಯೇಕವಾಗಿ ಓಡಿಸಿದ ಮೇಲೆ ಸಾರಕ್ಕೇ ಸ್ವಲ್ಪ ಬೆರೆಸಿ ಇನ್ನೊಮ್ಮೆ ಓಡಿಸಿ. ಪೀಕ್ ಸೀಳದೆ, ಪಕ್ಕದಲ್ಲಿ ಉಬ್ಬು (ಹೆಗಲು) ಮೂಡದೆ ಎತ್ತರ ಮಾತ್ರ ಹೆಚ್ಚಿದರೆ ‘5-ಕೆಫೆಯಿಲ್‌ಕ್ವಿನಿಕ್ ಆಮ್ಲ, ಮೊದಲ ಹಂತ’ ಎಂದು ಬರೆಯಿರಿ. ಪಕ್ಕದ ಚಿಕ್ಕ ಪೀಕ್‌ಗಳು ‘ಸಂಭಾವ್ಯ’ ಎಂದೇ ಉಳಿಯಲಿ.