ಮೊದಲ ವರ್ಷದ ಬರವಣಿಗೆ ತರಗತಿ: ಮೊದಲ ದಿನ ಏನು ಮಾಡಬೇಕು?

ಪ್ರಶ್ನೆ:
ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಈಗ ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಆಗಸ್ಟ್ ಕೊನೆಯ ವಾರದಿಂದ ಮೊದಲ ವರ್ಷದವರಿಗೆ ಇಂಗ್ಲಿಷ್ ಬರವಣಿಗೆಯ ಕಡ್ಡಾಯ ಕೋರ್ಸನ್ನು ಕಲಿಸಬೇಕಾಗಿದೆ. ಇಪ್ಪತ್ತು ವಿದ್ಯಾರ್ಥಿಗಳಲ್ಲಿ ಬಹುಪಾಲು ಎಂಜಿನಿಯರಿಂಗಿನವರು. ಬರವಣಿಗೆ ತಮಗೇಕೆ ಎಂದುಕೊಂಡೇ ಬರುವವರು. ಸಿಲಬಸ್ ಓದಿ, ಹಾಜರಿ, ಅಂಕ, ಕೃತಿಚೌರ್ಯದ ನಿಯಮಗಳನ್ನು ವಿವರಿಸಿದರೆ ಅದು ಎಚ್ಚರಿಕೆಯಾಗುತ್ತದೆಯೇ ಹೊರತು ಸ್ವಾಗತವಾಗುವುದಿಲ್ಲ ಎನಿಸುತ್ತಿದೆ. ಇಂಗ್ಲಿಷ್ ಮನೆಮಾತಾದವರ ಮುಂದೆ ನನ್ನ ಉಚ್ಚಾರಣೆಯ ಅಳುಕೂ ಇದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1:
ಸಿಲಬಸ್ಸನ್ನು ಮನೆಯಲ್ಲಿ ಓದಿಕೊಂಡು ಬರಲು ಹೇಳಿ, ಮೊದಲ ದಿನವೇ ಅವರಿಂದ ಬರೆಸಿರಿ. ನಿಮ್ಮ ಬರಹದ ಬಗ್ಗೆ ಯಾರೋ ಆಡಿದ, ಇಂದಿಗೂ ಮರೆಯಲಾಗದ ಮಾತು ಯಾವುದು ಎಂದು ಕೇಳಿ, ಹತ್ತು ನಿಮಿಷ ಪೆನ್ನು ಎತ್ತದೆ, ಕಾಗುಣಿತದ ಚಿಂತೆಯಿಲ್ಲದೆ ಬರೆಯಲು ಬಿಡಿ. ಅದಕ್ಕೆ ಅಂಕವಿಲ್ಲವೆಂದು ಮೊದಲೇ ತಿಳಿಸಿ. ಎರಡನೆಯ ತರಗತಿಯ ಹೊತ್ತಿಗೆ ಪ್ರತಿಯೊಬ್ಬರಿಗೂ ಎರಡು ಸಾಲಿನ ಉತ್ತರ ಬರೆದು ಹಿಂದಿರುಗಿಸಿ. ತಮ್ಮ ಬರಹವನ್ನು ಒಬ್ಬರು ನಿಜವಾಗಿಯೂ ಓದಿದ್ದಾರೆ ಎಂಬುದು ಅನೇಕರಿಗೆ ಹೊಸ ಅನುಭವ. ಆದರೆ ತಪ್ಪುಗಳನ್ನು ತಿದ್ದಬೇಡಿ. ನಾನು ಒಮ್ಮೆ ಅಭ್ಯಾಸಬಲದಿಂದ ತಿದ್ದಿ ಕೊಟ್ಟೆ. ಮುಂದಿನ ವಾರ ಬಂದ ಬರಹಗಳು ವ್ಯಾಕರಣಶುದ್ಧವಾಗಿದ್ದವು, ಹೇಳುವ ವಿಷಯ ಮಾತ್ರ ಇರಲಿಲ್ಲ.

ಉತ್ತರ 2:
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಇಲ್ಲಿನ ಮಕ್ಕಳು ಹೈಸ್ಕೂಲಿನಿಂದ ಐದು ಪ್ಯಾರಾಗಳ ಪ್ರಬಂಧದ ಅಚ್ಚನ್ನು ಹೊತ್ತು ತರುತ್ತಾರೆ (ನಮ್ಮ ಎಸ್ಸೆಸ್ಸೆಲ್ಸಿಯ ಪೀಠಿಕೆ, ವಿಷಯ ವಿವರಣೆ, ಉಪಸಂಹಾರದ ದೂರದ ನೆಂಟ). ಕರಡು ತಿದ್ದುವುದೆಂದರೆ ಅಕ್ಷರ ದುಂಡಗೆ ಮಾಡಿ ಶುದ್ಧಪ್ರತಿ ತೆಗೆಯುವುದಲ್ಲ, ಅಗತ್ಯವಿದ್ದರೆ ವಾದವನ್ನೇ ಬದಲಿಸುವುದು ಎಂದು ಹೇಳುವ ಬದಲು, ಕೆಂಪಾದ ನಿಮ್ಮದೇ ಒಂದು ಕರಡನ್ನು ತೋರಿಸಿ.

ಉತ್ತರ 3:
ಉಚ್ಚಾರಣೆಯ ಅಳುಕಿಗೆ ಈ ಕೋರ್ಸಿನ ಚರಿತ್ರೆಯೇ ಉತ್ತರ ಕೊಡುತ್ತದೆ. ಹಾರ್ವರ್ಡ್ 1874ರಲ್ಲಿ ಪ್ರವೇಶ ಪರೀಕ್ಷೆಗೆ ಇಂಗ್ಲಿಷ್ ಪ್ರಬಂಧವನ್ನು ಸೇರಿಸಿದಾಗ ಅದರಲ್ಲಿ ಎಡವಿದವರಲ್ಲಿ ಬಹುತೇಕರು ಇಂಗ್ಲಿಷ್ ಮನೆಮಾತಿನವರೇ. 1885ರ ಹೊತ್ತಿಗೆ ಅಲ್ಲಿ ಮೊದಲ ವರ್ಷದವರಿಗೆ ಬರವಣಿಗೆ ತರಗತಿ ಬಂತು. ಇತರ ಕಾಲೇಜುಗಳೂ ಅದೇ ಹಾದಿ ಹಿಡಿದವು. ವಿದ್ವತ್ ಬರವಣಿಗೆ ಯಾರ ಮನೆಮಾತೂ ಅಲ್ಲ. ನೀವು ಅದನ್ನು ಕಲಿತದ್ದು ಹೇಗೆಂಬುದು ನಿಮಗೆ ನೆನಪಿದೆ, ಸಲೀಸಾಗಿ ಬಂದವರಿಗೆ ಅದು ನೆನಪಿರುವುದಿಲ್ಲ. ಅಷ್ಟೇ ಅಲ್ಲದೆ, ಇಲ್ಲಿನ ಬರವಣಿಗೆ ಅಧ್ಯಾಪಕರ ಸಂಘಟನೆಯೇ 1974ರಲ್ಲಿ ವಿದ್ಯಾರ್ಥಿಗಳಿಗೆ ತಮ್ಮ ಆಡುನುಡಿಯ ಮೇಲೆ ಹಕ್ಕಿದೆ ಎಂಬ ನಿರ್ಣಯವನ್ನು ಅಂಗೀಕರಿಸಿತು. ಆ ಹಕ್ಕು ಅಧ್ಯಾಪಕಿಗೂ ಇರಲಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಆ ಹತ್ತು ನಿಮಿಷ ನಾನೂ ಅವರೊಂದಿಗೆ ಕುಳಿತು ಬರೆಯುತ್ತೇನೆ. ನನಗೆ ಮರೆಯಲಾಗದ ಮಾತು ಕನ್ನಡದಲ್ಲಿದೆ. ಅದನ್ನು ಮೊದಲು ಹಾಗೆಯೇ ಓದಿ ಹೇಳಿ, ಆಮೇಲೆ ಅರ್ಥ ವಿವರಿಸುವುದೆಂದು ಯೋಚಿಸಿದ್ದೇನೆ.